ಐಪಿ ವಿಳಾಸವೋ, ವೈಫೈ ಸುಳಿವೋ: ಲ್ಯಾಪ್‌ಟಾಪಿನ ಕಾಲವಲಯಕ್ಕೆ ಯಾವುದನ್ನು ನಂಬಬಹುದು?

ಕಂಪ್ಯೂಟರಿನ ಗಡಿಯಾರವನ್ನು ತಿದ್ದುವ ಎನ್‌ಟಿಪಿ ಸರ್ವರುಗಳು ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯವನ್ನಷ್ಟೇ ಕೊಡುತ್ತವೆ. ನಾವಿರುವ ಕಾಲವಲಯ ಯಾವುದೆಂದು ತಿಳಿಸುವುದು ಅವುಗಳ ಕೆಲಸವಲ್ಲ. ಬೆಂಗಳೂರಿನಿಂದ ಆಗಾಗ ಸಿಂಗಪುರಕ್ಕೆ ಹೋಗಿಬರಬೇಕಾದ ನಾನು, ಪ್ರತಿ ಪ್ರಯಾಣದಲ್ಲೂ ಕಾಲವಲಯವನ್ನು ಕೈಯಿಂದ ಬದಲಿಸುವ ತೊಂದರೆ ತಪ್ಪಿದರೆ ಸಾಕೆಂದು, ನನ್ನ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಮೂರು ದಾರಿಗಳನ್ನು ಪರೀಕ್ಷಿಸಿದೆ.

ಮೊದಲು ಬಳಸಿದ್ದು ‘ಟಿಝೆಡ್‌ಅಪ್‌ಡೇಟ್’ ಎಂಬ ಸಣ್ಣ ತಂತ್ರಾಂಶ. ನಮ್ಮ ಐಪಿ ವಿಳಾಸ (ಅಂತರ್ಜಾಲದಲ್ಲಿ ನಮ್ಮ ಸಂಪರ್ಕದ ಗುರುತುಸಂಖ್ಯೆ) ಯಾವ ಊರಿನದೆಂದು ಅಂತರ್ಜಾಲದ ಸೇವೆಗಳನ್ನು ಕೇಳಿ, ಅದಕ್ಕೆ ತಕ್ಕ ವಲಯವನ್ನು ಅದು ಹೊಂದಿಸುತ್ತದೆ. ಜಯನಗರದ ಮನೆಯ ಬ್ರಾಡ್‌ಬ್ಯಾಂಡಿನಲ್ಲಿ ಕ್ಷಣಮಾತ್ರದಲ್ಲಿ ‘ಏಷ್ಯಾ/ಕೋಲ್ಕತ್ತಾ’ ಎಂಬ ಉತ್ತರ ಬಂತು, ಅದು ಭಾರತದ ವಲಯದ ಹೆಸರು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಊರು ಚೆನ್ನೈ ಎಂದು ತಪ್ಪಾಗಿ ಬಂದರೂ, ಇಡೀ ಭಾರತಕ್ಕೆ +5:30 ಎಂಬ ಒಂದೇ ವಲಯವಿರುವುದರಿಂದ ಗಡಿಯಾರ ಕೆಡಲಿಲ್ಲ. ಹಲವು ವಲಯಗಳಿರುವ ಅಮೆರಿಕದಂಥ ದೇಶದಲ್ಲಿ ಇಂಥ ತಪ್ಪು ಕಂಪ್ಯೂಟರಿನ ಸಮಯವನ್ನೇ ಬದಲಿಸಬಲ್ಲದು.

ಆದರೆ ಕಚೇರಿಯ ವಿಪಿಎನ್ ಹಾಕಿದೊಡನೆ ಈ ವಿಧಾನದ ನಿಜವಾದ ದೌರ್ಬಲ್ಯ ಬಯಲಾಯಿತು. ವಿಪಿಎನ್ ಎಂದರೆ ನಮ್ಮ ಅಂತರ್ಜಾಲ ಸಂಪರ್ಕವನ್ನು ಬೇರೊಂದು ಸರ್ವರಿನ ಮೂಲಕ ಸಾಗಿಸುವ ಏರ್ಪಾಡು, ನಮ್ಮ ಕಚೇರಿಯದು ಜರ್ಮನಿಯ ಮೂಲಕ ಹಾದುಹೋಗುತ್ತದೆ. ಜನವರಿಯ ಒಂದು ಬೆಳಿಗ್ಗೆ 11 ಗಂಟೆಗೆ ನನ್ನ ಪರದೆ 6:30 ತೋರಿಸುತ್ತಿತ್ತು, ಅದನ್ನು ನಂಬಿ ನಾನು ಒಂದು ಸಭೆಯನ್ನು ತಪ್ಪಿಸಿಕೊಂಡೆ. ಸಿಂಗಪುರದಲ್ಲಿ ಇದಕ್ಕೆ ಸರಿಯಾಗಿ ತಿರುಗುಮುರುಗಾಯಿತು: ರೋಮಿಂಗಿನಲ್ಲಿದ್ದ ಭಾರತದ ಸಿಮ್‌ನ ದತ್ತಾಂಶ ಭಾರತದ ಕಂಪನಿಯ ಜಾಲಕ್ಕೆ ಬಂದೇ ಹೊರಗೆ ಹೋಗುತ್ತಿದ್ದ ಕಾರಣ ಐಪಿ ವಿಳಾಸ ಭಾರತದ್ದೇ ಆಗಿತ್ತು, ಲ್ಯಾಪ್‌ಟಾಪು ಸ್ಥಳೀಯ ಸಮಯಕ್ಕಿಂತ ಎರಡೂವರೆ ಗಂಟೆ ಹಿಂದೆಯೇ ಉಳಿಯಿತು.

ಎರಡನೆಯದು ಲಿನಕ್ಸಿನ ಡೆಸ್ಕ್‌ಟಾಪ್ ಪರಿಸರವಾದ ಗ್ನೋಮ್‌ನ ‘ಸ್ವಯಂಚಾಲಿತ ಕಾಲವಲಯ’. ಇದರ ಹಿಂದಿರುವ ಜಿಯೋಕ್ಲೂ ಎಂಬ ತಂತ್ರಾಂಶ ಸುತ್ತಲಿನ ವೈಫೈ ಕೇಂದ್ರಗಳ ಗುರುತುಗಳಿಂದ ಸ್ಥಳವನ್ನು ಲೆಕ್ಕಹಾಕುವುದರಿಂದ, ಅಂತರ್ಜಾಲದ ಹಾದಿ ಜರ್ಮನಿಯದಾದರೂ ಭಾರತದ್ದಾದರೂ ಇದಕ್ಕೆ ವ್ಯತ್ಯಾಸವಿಲ್ಲ. ವಿಪಿಎನ್ ಇದ್ದಾಗಲೂ, ಸಿಂಗಪುರದ ಹೋಟೆಲಿನಲ್ಲೂ ನನಗೆ ಸರಿಯಾದ ವಲಯವೇ ಸಿಕ್ಕಿತು. ಸ್ಥಳಸೇವೆಯನ್ನು ತೆರೆದಿಡಬೇಕು, ಅಕ್ಕಪಕ್ಕದ ವೈಫೈ ಗುರುತುಗಳು ಹೊರಗಿನ ಸೇವೆಗೆ ಹೋಗುತ್ತವೆ ಎಂಬುದು ಇದಕ್ಕೆ ತೆರಬೇಕಾದ ಬೆಲೆ, ಮತ್ತು ಗೌಪ್ಯತೆಯನ್ನು ಬಯಸುವವರಿಗೆ ಅದು ಸಣ್ಣ ಬೆಲೆಯಲ್ಲ. ಜಿಯೋಕ್ಲೂ ಮೊದಲು ಕೇಳುತ್ತಿದ್ದ ಮೊಜಿಲ್ಲಾದ ಸ್ಥಳಸೇವೆ 2024ರಲ್ಲಿ ನಿಂತುಹೋಗಿರುವುದರಿಂದ, ಹಳೆಯ ಲಿನಕ್ಸ್ ಆವೃತ್ತಿ ಬಳಸುವವರು ಜಿಯೋಕ್ಲೂ ಈಗ ಯಾವ ಸೇವೆಯನ್ನು ಕೇಳುತ್ತಿದೆ ಎಂದು ನೋಡಿಕೊಳ್ಳಬೇಕು.

ಮೂರನೆಯದು ಡಿಎಚ್‌ಸಿಪಿ, ಅಂದರೆ ಜಾಲಕ್ಕೆ ಸೇರುವ ಸಾಧನಕ್ಕೆ ಐಪಿ ವಿಳಾಸ ಮೊದಲಾದ ವಿವರಗಳನ್ನು ಕೊಡುವ ವ್ಯವಸ್ಥೆ. ಅದರ ಮೂಲಕ ರೌಟರೇ ವಲಯವನ್ನು ತಿಳಿಸುವ ಏರ್ಪಾಡು 2007ರಿಂದಲೂ ಇದೆ. ಮನೆಯಲ್ಲಾಗಲಿ ಹೋಟೆಲಿನಲ್ಲಾಗಲಿ ನನಗೆ ಸಿಕ್ಕ ಯಾವ ರೌಟರೂ ಅದನ್ನು ಕಳಿಸಲಿಲ್ಲ.

ಈಗ ಜಿಯೋಕ್ಲೂವನ್ನೇ ಉಳಿಸಿಕೊಂಡಿದ್ದೇನೆ. ವೈಫೈ ಇಲ್ಲದ ಕಡೆ ಮಾತ್ರ, ವಿಪಿಎನ್ ತೆಗೆದು, ಟಿಝೆಡ್‌ಅಪ್‌ಡೇಟನ್ನು ವಲಯ ಬದಲಿಸದೆ ಉತ್ತರವನ್ನಷ್ಟೇ ತೋರಿಸುವ ‘-ಪಿ’ ಆಯ್ಕೆಯೊಂದಿಗೆ ಮೊದಲು ಓಡಿಸಿ, ಬಂದ ಹೆಸರು ಸರಿಯಿದ್ದರೆ ಮಾತ್ರ ಒಪ್ಪಿಕೊಳ್ಳುತ್ತೇನೆ.