ಪಾಡ್ ಬಿಟ್ಟು ದೊಡ್ಡ ವೇಪ್‌ಗೆ ಹೋಗುವ ಯೋಚನೆ ಇದೆಯಾ? ಮೊದಲು ಇದನ್ನು ಓದಿ

ಕೈಯಲ್ಲಿ ಸಣ್ಣ ಪಾಡ್ (ಚಿಕ್ಕ ಇ-ಸಿಗರೇಟ್) ಇದೆ, ಅದು ಸಾಲುತ್ತಿಲ್ಲ, ಈಗ ಒಂದು ಒಳ್ಳೆ ಮಾಡ್ (ಜಾಸ್ತಿ ಹೊಗೆ ಬರುವ ದೊಡ್ಡ ಇ-ಸಿಗರೇಟ್) ತಗೊಳ್ಳೋಣ ಅಂತ ಹುಡುಕುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ದಯವಿಟ್ಟು ತಗೋಬೇಡಿ. ಬೆಂಗಳೂರಿನಲ್ಲಿ ಕದ್ದುಮುಚ್ಚಿ ಸಿಗುವ ಡಿವೈಸ್, ಬ್ಯಾಟರಿ, ಲಿಕ್ವಿಡ್ (ಕಾಯಿಸಿ ಆವಿ ಮಾಡಿ ಎಳೆಯುವ ನಿಕೋಟಿನ್ ದ್ರವ), ಈ ಮೂರರಲ್ಲಿ ಯಾವುದು ಅಸಲಿ, ಯಾವುದು ನಕಲಿ ಅಂತ ಗ್ಯಾರಂಟಿ ಕೊಡುವವರು ಒಬ್ಬರೂ ಇಲ್ಲ. ನನ್ನ ತಮ್ಮನ ಅಂಗೈ ಮತ್ತು ತೊಡೆ ಸುಟ್ಟ ಮೇಲೆ ನಮ್ಮ ಮನೆಯವರಿಗೆ ಇದು ಗೊತ್ತಾಯಿತು.

ಅವನು ಬೆಳ್ಳಂದೂರಿನ ಕಡೆ ಐಟಿ ಕೆಲಸದಲ್ಲಿದ್ದಾನೆ. ಸಿಗರೇಟ್ ಬಿಡಬೇಕು ಅಂತಲೇ ಪಾಡ್ ಹಿಡಿದಿದ್ದ. ಸ್ವಲ್ಪ ದಿನ ಚೆನ್ನಾಗೇ ಇತ್ತು. ಆಮೇಲೆ ಶುರುವಾಯಿತು, ಬ್ಯಾಟರಿ ಮಧ್ಯಾಹ್ನಕ್ಕೇ ಖಾಲಿ, ಹೊಗೆ ಕಡಿಮೆ, ಕಿಕ್ ಬರುತ್ತಿಲ್ಲ ಅಂತ. ಆಫೀಸಿನ ಗೆಳೆಯರು ಯಾರೋ ಟೆಲಿಗ್ರಾಂನಲ್ಲಿ ಮಾರುವವನ ನಂಬರ್ ಕೊಟ್ಟರು. ಆ ಮಾರುವವನು 'ನೀವೀಗ ಬಿಗಿನರ್ ಅಲ್ಲ ಬ್ರೋ, ಅಪ್‌ಗ್ರೇಡ್ ಮಾಡಿ' ಅಂತ ಹೇಳಿ ಒಂದು ಮೆಕ್ ಮಾಡ್, ಲಿಕ್ವಿಡ್ ತುಂಬುವ ಟ್ಯಾಂಕ್, ಎರಡು ಬ್ಯಾಟರಿ ಎಲ್ಲ ಸೇರಿಸಿ ಸೆಟ್ ಅಂತ ಮಾರಿದ. ಹಣ ಮೊದಲೇ ಯುಪಿಐನಲ್ಲಿ ಹೋಯಿತು. ಅತ್ತಿಗುಪ್ಪೆ ಮೆಟ್ರೋ ಕೆಳಗೆ ಬೈಕಿನಲ್ಲಿ ಬಂದ ಹುಡುಗನೊಬ್ಬ ಕಪ್ಪು ಕವರ್ ಕೊಟ್ಟು ಹೋದ. ಬಿಲ್ ಇಲ್ಲ, ಬಾಕ್ಸ್ ಮೇಲೆ ತಯಾರಕರ ವಿಳಾಸವೂ ಇಲ್ಲ.

ಮೆಕ್ ಮಾಡ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಯಾಕೆಂದರೆ ಅಪಾಯ ಇರುವುದೇ ಅಲ್ಲಿ. ಅದು ಬರೀ ಲೋಹದ ಕೊಳವೆ. ಒಳಗೆ ಬ್ಯಾಟರಿ, ಮೇಲೆ ಕಾಯಿಲ್ (ಲಿಕ್ವಿಡ್ ಕಾಯಿಸುವ ತಂತಿ ಸುರುಳಿ), ಕೆಳಗೆ ಬಟನ್, ಅಷ್ಟೇ. ಸಣ್ಣ ಪಾಡ್‌ನಲ್ಲಿ ಒಂದು ಚಿಪ್ ಇರುತ್ತದೆ. ಶಾರ್ಟ್ ಆದರೆ, ಬ್ಯಾಟರಿ ತೀರಾ ಇಳಿದರೆ ಅದು ಕರೆಂಟ್ ಕಡಿದುಹಾಕುತ್ತದೆ. ಪೆಟ್ಟಿಗೆ ಆಕಾರದ ಒಳ್ಳೆಯ ಬಾಕ್ಸ್ ಮಾಡ್‌ನಲ್ಲೂ ಅಂಥ ಚಿಪ್ ಇರುತ್ತದೆ. ಮೆಕ್‌ನಲ್ಲಿ ಯಾವುದೂ ಇಲ್ಲ. ಬಟನ್ ಒತ್ತಿದರೆ ಬ್ಯಾಟರಿಯಿಂದ ಎಷ್ಟು ಬರಬಹುದೋ ಅಷ್ಟೂ ನೇರವಾಗಿ ಕಾಯಿಲ್‌ಗೆ ಹೋಗುತ್ತದೆ. ಓಮ್ಸ್ ಲಾ (ವೋಲ್ಟ್ ಅನ್ನು ಓಮ್‌ನಿಂದ ಭಾಗಿಸಿದರೆ ಎಷ್ಟು ಕರೆಂಟ್ ಹರಿಯುತ್ತದೆ ಅಂತ ಸಿಗುತ್ತದೆ) ಲೆಕ್ಕ ಮಾಡಿ ಇಂಥದ್ದನ್ನು ಬಳಸುವವರೂ ಇದ್ದಾರೆ. ಆದರೆ ಪಾಡ್‌ನಿಂದ ನೇರವಾಗಿ ಇದಕ್ಕೆ ಬರುವವರಿಗೆ ಯಾರಾದರೂ ಇದನ್ನು ಮಾರುತ್ತಾರಾ? ಮಾರಿದ. ಅದೂ 0.15 ಓಮ್ ಕಾಯಿಲ್ ಹಾಕಿ ಕೊಟ್ಟಿದ್ದ. ಪೂರ್ತಿ ಚಾರ್ಜ್ ಆದ 18650 (ಇದಕ್ಕೆ ಹಾಕುವ ದುಂಡನೆಯ ಲಿಥಿಯಂ ಸೆಲ್) ಬ್ಯಾಟರಿಯಲ್ಲಿ 4.2 ವೋಲ್ಟ್ ಇರುತ್ತದೆ. 4.2 ಅನ್ನು 0.15ರಿಂದ ಭಾಗಿಸಿ ನೋಡಿ, 28 ಆಂಪಿಯರ್.

ಈಗ ಆ ಬ್ಯಾಟರಿ ವಿಷಯ. ಅದರ ಹೊದಿಕೆ ಮೇಲೆ ದೊಡ್ಡದಾಗಿ 9900 ಎಂಎಎಚ್ ಅಂತ ಅಚ್ಚು ಹಾಕಿತ್ತು. ಸಾಮಾನ್ಯವಾಗಿ ಸಿಗುವ ಅಸಲಿ 18650ಗಳಲ್ಲಿ ಒಳ್ಳೆಯದಕ್ಕೇ 3500 ಆಸುಪಾಸು. ಅದಕ್ಕಿಂತ ತುಂಬಾ ಜಾಸ್ತಿ ಬರೆದಿದ್ದರೆ ಅದು ಸುಳ್ಳು. ಅವಘಡ ಆದ ಮೇಲೆ ಉಳಿದಿದ್ದ ಇನ್ನೊಂದು ಬ್ಯಾಟರಿಯನ್ನು ನಾನು ಬೆಳಕಿಗೆ ಹಿಡಿದು ನೋಡಿದೆ. ಹೊಳೆಯುವ ಹೊಸ ಪ್ಲಾಸ್ಟಿಕ್ ಹೊದಿಕೆ. ಅದರ ಎರಡೂ ತುದಿಯಲ್ಲಿ, ಲೋಹದ ಮೇಲೆ ಜೋಡಿ ಜೋಡಿ ಸಣ್ಣ ಸುಟ್ಟ ಚುಕ್ಕೆಗಳು. ಅವು ಸ್ಪಾಟ್ ವೆಲ್ಡ್ ಗುರುತು, ಸೆಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿ ಬೆಸೆದದ್ದು. ಅಂದರೆ ಯಾವುದೋ ಹಳೇ ಲ್ಯಾಪ್‌ಟಾಪ್ ಪ್ಯಾಕ್ ಬಿಚ್ಚಿ, ಪಟ್ಟಿ ಕಿತ್ತು, ಸೆಲ್‌ಗೆ ಹೊಸ ಅಂಗಿ ತೊಡಿಸಿ ಮಾರಿದ್ದಾರೆ. ಲ್ಯಾಪ್‌ಟಾಪ್ ಸೆಲ್‌ಗಳು ನಿಧಾನಕ್ಕೆ, ಕೆಲವೇ ಆಂಪಿಯರ್ ಕೊಡಲಿಕ್ಕೆ ಮಾಡಿದವು. ಅವುಗಳಿಂದ 28 ಆಂಪಿಯರ್ ಎಳೆದರೆ ಏನಾಗಬೇಕೋ ಅದೇ ಆಯಿತು.

ವಿಜಯನಗರದ ಮನೆಯಲ್ಲಿ ರಾತ್ರಿ ಊಟ ಆಗಿ ನಾನು ಅಡುಗೆಮನೆಯಲ್ಲಿದ್ದೆ. ಒಳಗಿನ ರೂಮಿನಿಂದ ಸುಂಯ್ ಅಂತ ಜೋರಾಗಿ ಸದ್ದು ಬಂತು, ಹಿಂದೆಯೇ ಅವನು ಕಿರುಚಿದ. ಹೋಗಿ ನೋಡಿದರೆ ರೂಮಿನ ತುಂಬಾ ಬಿಳಿ ಹೊಗೆ, ಸಿಹಿ ಬೆರೆತ ಘಾಟು ವಾಸನೆ, ಹಾಸಿಗೆಯ ಮೇಲೆ ಬಿದ್ದ ಕೊಳವೆಯ ತುದಿಯಿಂದ ಬೆಂಕಿ ಚಿಮ್ಮುತ್ತಿತ್ತು. ಬಕೆಟ್ ನೀರು ಸುರಿದೆ. ಬಾಯಿಯ ಹತ್ತಿರ ಇರಲಿಲ್ಲ ಅನ್ನುವುದೇ ಪುಣ್ಯ. ಒಳಗಿನ ಗ್ಯಾಸ್ ಹೊರಗೆ ಹೋಗಲು ಸರಿಯಾದ ತೂತು ಇಲ್ಲದಿದ್ದರೆ ಆ ಕೊಳವೆ ಸೀಟಿ ಕಟ್ಟಿಕೊಂಡ ಕುಕ್ಕರ್ ಇದ್ದ ಹಾಗೆ. ಅಮೆರಿಕದಲ್ಲಿ 2018ರಲ್ಲಿ ಫ್ಲಾರಿಡಾದಲ್ಲಿ ಒಬ್ಬರು, 2019ರಲ್ಲಿ ಟೆಕ್ಸಾಸ್‌ನಲ್ಲಿ ಒಬ್ಬರು ವೇಪ್ ಸಿಡಿದು ಸತ್ತಿದ್ದಾರೆ. ಟೆಕ್ಸಾಸ್‌ನ ಹುಡುಗನಿಗೆ ಲೋಹದ ಚೂರು ಕತ್ತಿನ ರಕ್ತನಾಳವನ್ನೇ ಕತ್ತರಿಸಿತ್ತು.

ಆಸ್ಪತ್ರೆಯಲ್ಲಿ ನಡೆದದ್ದನ್ನು ಬಿಡದೆ ಹೇಳಬೇಕು. ಡ್ಯೂಟಿ ಡಾಕ್ಟರ್ ಕೇಳಿದಾಗ ತಮ್ಮ 'ಮೊಬೈಲ್ ಚಾರ್ಜರ್ ಸಿಡಿಯಿತು' ಅಂದುಬಿಟ್ಟ. ವೇಪ್ ಅಂದರೆ ಪೊಲೀಸ್ ಕೇಸ್ ಆಗುತ್ತದೆ ಅಂತ ಭಯ. ನಾನು ಪಕ್ಕಕ್ಕೆ ಕರೆದು ನಿಜ ಹೇಳಿದೆ. ಲಿಥಿಯಂ ಬ್ಯಾಟರಿ ಒಡೆದರೆ ಬೆಂಕಿಯ ಜೊತೆ ಒಳಗಿನ ಕೆಮಿಕಲ್ಲೂ ಚರ್ಮಕ್ಕೆ ತಾಗಿರುತ್ತದೆ, ಅದಕ್ಕೆ ತೊಳೆಯುವ ರೀತಿ, ನೋಡುವ ರೀತಿ ಬೇರೆ. ಡಾಕ್ಟರಿಗೆ ಇದು ಮೊದಲ ನಿಮಿಷಕ್ಕೇ ಗೊತ್ತಿರಬೇಕು. ಕಾನೂನಿನ ಭಯಕ್ಕೆ ಸುಳ್ಳು ಹೇಳಬೇಡಿ. ಕರ್ನಾಟಕದಲ್ಲಿ 2016ರಲ್ಲೇ ಇ-ಸಿಗರೇಟ್ ಮಾರಾಟ ನಿಷೇಧ ಆಗಿತ್ತು, 2019ರಲ್ಲಿ ಇಡೀ ದೇಶಕ್ಕೆ ಕಾಯ್ದೆ ಬಂತು. ಅದರಲ್ಲಿ ಶಿಕ್ಷೆ ಇರುವುದು ತಯಾರಿಸುವವರಿಗೆ, ತರಿಸುವವರಿಗೆ, ಮಾರುವವರಿಗೆ, ಜಾಹೀರಾತು ಹಾಕುವವರಿಗೆ, ದಾಸ್ತಾನು ಇಡುವವರಿಗೆ. ಮಾರಿದವನಿಗೆ ಮೊದಲ ಸಲಕ್ಕೇ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಸೇದಿದ್ದಕ್ಕೆ ಅಂತ ಬೇರೆ ಶಿಕ್ಷೆ ಆ ಕಾಯ್ದೆಯಲ್ಲಿ ಬರೆದಿಲ್ಲ.

ಇನ್ನು ಮಾರಿದವನು? ಫೋಟೋ ಕಳಿಸಿದ ತಕ್ಷಣ ಬ್ಲಾಕ್ ಮಾಡಿದ. ಆ ಚಾನೆಲ್ಲೂ ಮಾಯ. ಮಿಕ್ಸಿ ಕೆಟ್ಟರೆ ಬಿಲ್ ಹಿಡಿದು ಗ್ರಾಹಕರ ಕೋರ್ಟಿಗೆ ಹೋಗಬಹುದು, ಇಲ್ಲಿ ಏನು ಹಿಡಿದು ಹೋಗುತ್ತೀರಿ?

ಬೆಂಕಿಗೆ ಮುಂಚೆಯೇ ಇನ್ನೊಂದು ಆಗಿತ್ತು. ಆಗ ಅದನ್ನು ಯಾರೂ ಗಂಭೀರವಾಗಿ ತಗೊಳ್ಳಲಿಲ್ಲ. ಪಾಡ್‌ಗೆ ಹಾಕುತ್ತಿದ್ದ ಉಳಿದ ಸಾಲ್ಟ್ ಲಿಕ್ವಿಡ್ (ಸಣ್ಣ ಪಾಡ್‌ಗೆ ಅಂತ ಮಾಡಿದ, ನಿಕೋಟಿನ್ ಜಾಸ್ತಿ ಇರುವ ದ್ರವ) ಅನ್ನೇ ಹೊಸ ಟ್ಯಾಂಕ್‌ಗೆ ಸುರಿದಿದ್ದ. ಒಂದು ಎಂಎಲ್‌ಗೆ 50 ಮಿಲಿಗ್ರಾಂ ನಿಕೋಟಿನ್ ಇರುವ ಬಾಟಲಿ ಅದು. ಯುರೋಪಿಯನ್ ಒಕ್ಕೂಟದಲ್ಲಿ 20 ಮಿಲಿಗ್ರಾಂಗಿಂತ ಜಾಸ್ತಿ ಇರುವುದನ್ನು ಮಾರುವಂತೆಯೇ ಇಲ್ಲ. ಸಣ್ಣ ಪಾಡ್ 10-15 ವಾಟ್‌ನಲ್ಲಿ ಓಡುವುದರಿಂದ ಒಂದೊಂದು ಎಳೆತಕ್ಕೆ ಸ್ವಲ್ಪ ಆವಿ ಬರುತ್ತದೆ. ದೊಡ್ಡ ಡಿವೈಸ್ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಲಿಕ್ವಿಡ್ ಸುಡುತ್ತದೆ. ಅದಕ್ಕೇ ಅದರಲ್ಲಿ 3 ಅಥವಾ 6 ಮಿಲಿಗ್ರಾಂ ಹಾಕುವುದು. ತಮ್ಮನಿಗೆ ತಲೆ ತಿರುಗಿ, ಮೈ ತಣ್ಣಗೆ ಬೆವೆತು, ಬಾತ್‌ರೂಮಿನಲ್ಲಿ ಕೂತು ವಾಂತಿ ಮಾಡಿದ. ಮನೆಯವರು ಹೊರಗಿನ ಗೋಬಿ ತಿಂದಿದ್ದಕ್ಕೆ ಅಂದುಕೊಂಡರು. ಅದು ನಿಕೋಟಿನ್ ಜಾಸ್ತಿಯಾಗಿ ಆದದ್ದು. ಬಾಟಲಿ ಮೇಲೆ ಬರೆದಿರುವ ಅಂಕಿಯಾದರೂ ನಿಜವಾ ಅಂತ ಪರೀಕ್ಷೆ ಮಾಡಿದವರು ಯಾರಿದ್ದಾರೆ? ಮಕ್ಕಳಿರುವ ಮನೆಯಲ್ಲಿ ಈ ಬಾಟಲಿ ಟೇಬಲ್ ಮೇಲೆ ಇದ್ದರೆ ನನಗೆ ಎದೆ ಝಲ್ ಅನ್ನುತ್ತದೆ. ಮಾವಿನ ಹಣ್ಣಿನ ವಾಸನೆ, ಬಣ್ಣದ ಲೇಬಲ್, ಮಗು ಬಾಯಿಗೆ ಇಟ್ಟರೆ ಮುಗಿಯಿತು.

'ಹಾಗಾದರೆ ಮೆಕ್ ಬೇಡ, ಚಿಪ್ ಇರುವ ಬಾಕ್ಸ್ ತಗೊಳ್ತೀನಿ' ಅನ್ನುತ್ತೀರಿ ಅಲ್ವಾ? ತಮ್ಮನ ಗೆಳೆಯನೂ ಅದೇ ಅಂದ. ಚಿಪ್ ಅಸಲಿಯಾ, ಬ್ಯಾಟರಿ ಅಸಲಿಯಾ ಅಂತ ನೋಡುವುದು ಹೇಗೆ? ಡಿವೈಸ್ ಕೂಡ ನಕಲಿ ಬರುತ್ತದೆ, ಅಸಲಿ ಅಂತ ತೋರಿಸುವ ಸ್ಕ್ರ್ಯಾಚ್ ಕೋಡ್ ಸ್ಟಿಕ್ಕರ್ ಕೂಡ ನಕಲಿ ಬರುತ್ತದೆ. ಎಲ್ಲಾ ಮುಚ್ಚಿಟ್ಟು ಮಾರುವ ಕಡೆ ಒಳ್ಳೆಯದನ್ನು ಆರಿಸುವುದು ಅಂದರೆ ಸುಮ್ನೆ ಅದೃಷ್ಟ ನೋಡಿಕೊಳ್ಳುವುದು. ಇನ್ನೂ ಒಂದು ಮಾತು. ಪಾಡ್ ಸಾಲುತ್ತಿಲ್ಲ ಅಂದರೆ ದೇಹ ಕೇಳುತ್ತಿರುವ ನಿಕೋಟಿನ್ ಜಾಸ್ತಿಯಾಗಿರಬಹುದು. ಅದಕ್ಕೆ ದೊಡ್ಡ ಮೆಷಿನ್ ತಂದರೆ ಚಟ ಇನ್ನೂ ಬೆಳೆಯುತ್ತದೆ. 1800-11-2356 ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, ಉಚಿತ. ಅದರ ಒಂದು ಕೇಂದ್ರ ನಮ್ಮ ನಿಮ್ಹಾನ್ಸ್‌ನಲ್ಲೇ ಇದೆ, ಕನ್ನಡದಲ್ಲಿ ಮಾತಾಡಬಹುದು. ತಮ್ಮ ಈಗ ಅವರ ಜೊತೆ ಮಾತಾಡುತ್ತಿದ್ದಾನೆ, ಡಾಕ್ಟರ್ ಹೇಳಿದ ನಿಕೋಟಿನ್ ಗಮ್ ಅಗಿಯುತ್ತಿದ್ದಾನೆ. ಕೈ ಪೂರ್ತಿ ಮಡಚಲು ಇನ್ನೂ ಆಗುತ್ತಿಲ್ಲ.

ಇಂಥ ಬ್ಯಾಟರಿ ಈಗಾಗಲೇ ಮನೆಯಲ್ಲಿದ್ದರೆ ಇವತ್ತೇ ಹೊರತೆಗೆದು ನೋಡಿ. ಹೊದಿಕೆ ಹರಿದಿದ್ದರೆ, ವೆಲ್ಡ್ ಚುಕ್ಕೆ ಇದ್ದರೆ, ಉಬ್ಬಿದ್ದರೆ ಚಾರ್ಜ್‌ಗೆ ಹಾಕಬೇಡಿ. ಕೀ, ಚಿಲ್ಲರೆ ಇರುವ ಜೇಬಿಗಂತೂ ಹಾಕಲೇಬೇಡಿ, ಅಲ್ಲೇ ಶಾರ್ಟ್ ಆಗುತ್ತದೆ. ಎರಡೂ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಬಟ್ಟೆ ಪೇಪರ್ ಯಾವುದೂ ಇಲ್ಲದ ಜಾಗದಲ್ಲಿ ಇಟ್ಟು, ಇ-ವೇಸ್ಟ್ ತಗೊಳ್ಳುವವರಿಗೆ ಕೊಡಿ. ಬೆಳಿಗ್ಗೆ ಬರುವ ಕಸದ ಗಾಡಿಗೆ ಎಸೆಯಬೇಡಿ, ಅದನ್ನು ಕೈಯಲ್ಲಿ ವಿಂಗಡಿಸುವವರು ಇದ್ದಾರೆ.