ಗಂಡು ಕಣಜಕ್ಕೆ ಕೊಂಡಿ ಅಂಟಿಸಿ ಹೆಣ್ಣು ಅಂತ ಮಾರ್ತಾರೆ, ಹುಷಾರು!

ಫ್ರೇಮ್ ಹಾಕಿದ ಕೀಟಗಳನ್ನು ಆನ್‌ಲೈನ್‌ನಲ್ಲಿ ತರಿಸೋರು ದಯವಿಟ್ಟು ಇದನ್ನು ಓದಿ. ಅದರಲ್ಲೂ ಟ್ಯಾರಂಟುಲಾ ಹಾಕ್ ಕಣಜ ಹುಡುಕ್ತಿರೋರು. 140 ಡಾಲರ್ ಹೋಯ್ತು. ದುಡ್ಡು ಹಾಳಾಗಿ ಹೋಗಲಿ, ಮನೆ ತುಂಬಾ ನೆಂಟರ ಮುಂದೆ ಮಾನ ಹೋಯ್ತು.

ನಾವಿರೋದು ನ್ಯೂ ಮೆಕ್ಸಿಕೋದಲ್ಲಿ. 1989ರಿಂದ ಇದೇ ಇಲ್ಲಿನ ರಾಜ್ಯ ಕೀಟ, ಬೇಸಿಗೆಯಲ್ಲಿ ಮಿಲ್ಕ್‌ವೀಡ್ ಹೂವಿನ ಮೇಲೆ ಕಿತ್ತಳೆ ರೆಕ್ಕೆಯ ಈ ಕಣಜಗಳು ಸಿಗ್ತವೆ. ನನಗೆ ಬೇಕಿದ್ದದ್ದು ಇದೇ ಗುಂಪಿನ, ಪೆರು ದೇಶದ ಪೆಪ್ಸಿಸ್ ಹೀರೋಸ್, ಕಣಜಗಳಲ್ಲೇ ಭಾರೀ ಗಾತ್ರದ್ದು, ಅದೂ ಹೆಣ್ಣು. ಟ್ಯಾರಂಟುಲಾ ಜೇಡಕ್ಕೆ ಚುಚ್ಚಿ, ಅಲ್ಲಾಡದ ಹಾಗೆ ಮಾಡಿ, ಬಿಲಕ್ಕೆ ಎಳ್ಕೊಂಡು ಹೋಗಿ ಅದರ ಮೇಲೆ ಒಂದೇ ಒಂದು ಮೊಟ್ಟೆ ಇಡೋದು ಹೆಣ್ಣು. ಕೊಂಡಿ ಇರೋದೂ ಹೆಣ್ಣಿಗೇ. ಕೀಟಗಳ ಕುಟುಕಿನ ನೋವಿಗೆ ಅಂಕ ಕೊಟ್ಟ ಕೀಟವಿಜ್ಞಾನಿ ಜಸ್ಟಿನ್ ಶ್ಮಿಟ್ ಅವರ ಪಟ್ಟಿಯಲ್ಲಿ ಇದರ ಕುಟುಕಿಗೆ 4, ಅದರ ಮೇಲೆ ಅಂಕ ಇಲ್ಲ. ಗಂಡು ಹೂವಿನ ರಸ ಕುಡ್ಕೊಂಡು ತಿರುಗುತ್ತೆ ಅಷ್ಟೇ. ಹೆಣ್ಣಿಗೆ ರೇಟು ಜಾಸ್ತಿ ಇರೋದು ಸುಮ್ಮನೆ ಅಲ್ಲ.

ಜಾಹೀರಾತಲ್ಲಿ ಏನಿತ್ತು ಗೊತ್ತಾ? "ಹೆಣ್ಣು, ಎ1 ದರ್ಜೆ, ಕೊಂಡಿ ಕಾಣುವಂತೆ ಜೋಡಿಸಿದೆ, 11 ಸೆಂಟಿಮೀಟರ್." ಬಂತು. ಚೆನ್ನಾಗೇ ಕಾಣ್ತಿತ್ತು, ನೀಲಿಗಪ್ಪು ಮೈ, ಹಿಂದೆ ಕೊಂಡಿ. ಹಾಲ್‌ನಲ್ಲಿ ನೇತು ಹಾಕಿದ್ದೂ ಆಯ್ತು.

ಯುಗಾದಿ ಊಟಕ್ಕೆ ಬಂದವರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಓದಿದವರೊಬ್ಬರು ಇದ್ದರು. ನಾನು ಎಲ್ಲರಿಗೂ ಕೊಂಡಿ ತೋರಿಸಿ ಭಾಷಣ ಬಿಗಿಯುತ್ತಿದ್ದೆ. ಅವರು ಹೋಳಿಗೆ ತಟ್ಟೆ ಹಿಡ್ಕೊಂಡೇ ಬಗ್ಗಿ ನೋಡಿ, "ಸರ, ಇದು ಗಂಡ್ ಐತಲ್ರೀ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಏನು ಮಾಡ್ಲಿ!

ಫ್ರೇಮ್ ಬಿಚ್ಚಿ ಲೆನ್ಸ್ ಇಟ್ಟು ತೋರಿಸಿದರು. ಹೆಣ್ಣಾದರೆ ಕುಡಿಮೀಸೆಯಲ್ಲಿ 12 ಗಿಣ್ಣು, ಹೊಟ್ಟೆಯಲ್ಲಿ ಕಾಣೋ ಉಂಗುರ 6. ಇದರಲ್ಲಿ 13 ಮತ್ತು 7. ಹೆಣ್ಣಿನ ಮೀಸೆ ಸತ್ತ ಮೇಲೆ ಸುರುಳಿ ಸುತ್ತಿಕೊಳ್ಳುತ್ತಂತೆ, ಇದರದ್ದು ನೆಟ್ಟಗೆ ನಿಂತಿದೆ. ಹಾಗಾದ್ರೆ ಆ ಕೊಂಡಿ? ಚಿಮಟದಲ್ಲಿ ಮುಟ್ಟಿದ್ದೇ ತಡ, ಕಿತ್ತು ಬಂತು. ಬುಡದಲ್ಲಿ ಸಾಸಿವೆಗಿಂತ ಸಣ್ಣ ಅಂಟಿನ ಮಣಿ, ಫಳಫಳ ಹೊಳೀತಿತ್ತು. ಬ್ರಷ್ಷಿನ ಕೂದಲು ರೀ! ಬ್ರಷ್ಷಿನ ಕೂದಲನ್ನ ಕೊಂಡಿ ಅಂತ ಊರಿಗೆಲ್ಲ ತೋರಿಸಿದ್ದೆ. ಮಗ ಬೇರೆ, "ಅಪ್ಪಾ, ಹಂಗಾದ್ರೆ ಇದು ಕಚ್ಚೋದೇ ಇಲ್ವಾ?" ಅಂತ ಎಲ್ಲರ ಮುಂದೆ.

ಆ 11 ಸೆಂಟಿಮೀಟರ್ ರೆಕ್ಕೆಯ ತುದಿಯಿಂದ ತುದಿಗೆ. ಮೈ ಉದ್ದ ಮೂರೂವರೆ ದಾಟಲಿಲ್ಲ.

ಈಗ ಮಾರಿದವನ ಉತ್ತರ ಕೇಳಿ. ಮೊದಲು: "ಒಣಗಿದ ಮೇಲೆ ಗಂಡೋ ಹೆಣ್ಣೋ ಹೇಳುವುದು ಕಷ್ಟ." ಕಷ್ಟ ಆದ್ರೆ ಹೆಣ್ಣು ಅಂತ ಯಾಕಪ್ಪಾ ಬರೆದೆ? ಅದಕ್ಕೆ ಉತ್ತರ ಇಲ್ಲ. ಆಮೇಲೆ: "ಫ್ರೇಮ್ ಬಿಚ್ಚಿದ್ದೀರಿ, ವಾಪಸ್ ತಗೊಳ್ಳಲ್ಲ." ಬಿಚ್ಚದೆ ಅಂಟು ಹೇಗೆ ಕಾಣಬೇಕು? ಅಂಟಿನ ಫೋಟೋ ಕಳಿಸಿದ್ದಕ್ಕೆ, "ಇದು ಗೃಹಾಲಂಕಾರದ ವಸ್ತು, ವೈಜ್ಞಾನಿಕ ಮಾದರಿ ಅಂತ ನಾವು ಎಲ್ಲೂ ಹೇಳಿಲ್ಲ", ಜೊತೆಗೊಂದು ನಗುಮುಖದ ಇಮೋಜಿ. ಕೊನೆಗೆ ಮುಂದಿನ ಖರೀದಿಗೆ 15 ಡಾಲರ್ ಕೂಪನ್ ಕೊಡ್ತಾನಂತೆ. ಮುಂದಿನ ಖರೀದಿ! ಅಷ್ಟರಲ್ಲಿ ಜಾಹೀರಾತಿಂದ "ಹೆಣ್ಣು" ಅನ್ನೋದು ಮಾಯ.

ತಗೊಳ್ಳಲೇಬೇಕು ಅನ್ನೋರು ಫ್ರೇಮ್ ಹಾಕಿಸಿದ್ದು ಬೇಡ, ಜೋಡಿಸದೆ ಕಾಗದದಲ್ಲಿ ಮಡಚಿಟ್ಟದ್ದು ಕೇಳಿ. ನಿಮಗೆ ಬರೋ ಅದೇ ಹುಳದ ಹೊಟ್ಟೆಭಾಗದ ಫೋಟೋ ಕೇಳಿ, ಮೈ ಉದ್ದ ಬೇರೆಯಾಗಿ ಬರೆಸ್ಕೊಳ್ಳಿ. ಎಲ್ಲಿ, ಯಾವಾಗ, ಯಾರು ಹಿಡಿದದ್ದು ಅನ್ನೋ ಚೀಟಿ ಇರಬೇಕು. ನನಗೆ ಬಂದ ಚೀಟಿಯಲ್ಲಿ ಬರೀ "ಪೆರು" ಅಂತಿತ್ತು, ದೇಶಕ್ಕೆ ದೇಶವೇ ವಿಳಾಸ. ದುಡ್ಡು ಕಟ್ಟೋ ಮುಂಚೆ ಜಾಹೀರಾತಿನ ಸ್ಕ್ರೀನ್‌ಶಾಟ್ ತಗೊಳ್ಳಿ, ನನ್ನ ಹತ್ರ ಉಳಿದಿರೋದು ಅದೊಂದೇ. ಕಾರ್ಡ್ ಕಂಪನಿಗೆ ದೂರು ಕೊಟ್ಟಿದ್ದೀನಿ, ಅವರೂ ಮೊದಲು ಕೇಳಿದ್ದು ಅದನ್ನೇ.