ಫ್ರಿಜ್ಜಿನಲ್ಲಿಟ್ಟ ಟ್ಯೂಲಿಪ್ಪಿಗಿಂತ ನೆಲದಲ್ಲೇ ಬಿಟ್ಟ ನಾರ್ಸಿಸಸ್ ಮೇಲು

ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ನಮ್ಮ ಮನೆಯ ಮುಂದಿನ ಹನ್ನೆರಡು ಅಡಿ ಉದ್ದದ ಪಾತಿಯಲ್ಲಿ ಮೂರು ವರ್ಷಗಳಿಂದ ಮೂರು ಬಗೆಯ ಹೂಗೆಡ್ಡೆಗಳನ್ನು ಬೆಳೆಸಿ ನೋಡಿದ್ದೇನೆ: ದೊಡ್ಡ ಹೂವಿನ ಡಾರ್ವಿನ್ ಹೈಬ್ರಿಡ್ ಟ್ಯೂಲಿಪ್, ಗೊಂಚಲು ಬಿಡುವ ಪೇಪರ್‌ವೈಟ್ ನಾರ್ಸಿಸಸ್ ಮತ್ತು ಕ್ಲೂಸಿಯಾನಾ ಎಂಬ ಕಾಡು ಟ್ಯೂಲಿಪ್. ಹೆಚ್ಚು ಹಣ ಸುರಿದದ್ದು ಮೊದಲನೆಯದಕ್ಕೆ. ಇಂದು ಪಾತಿಯಲ್ಲಿರುವುದು ಉಳಿದೆರಡು ಮಾತ್ರ. ಆದ್ದರಿಂದ ಈ ಹೋಲಿಕೆಯಲ್ಲಿ ನನ್ನ ಒಲವು ಯಾವ ಕಡೆಗೆಂದು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಟ್ಯೂಲಿಪ್ಪಿನ ಆಸೆ ಹುಟ್ಟಿದ್ದು ಶ್ರೀನಗರದಲ್ಲಿ. ಝಬರ್ವಾನ್ ಬೆಟ್ಟದ ತಪ್ಪಲಿನಲ್ಲಿ 2007ರಲ್ಲಿ ತೆರೆದ ಟ್ಯೂಲಿಪ್ ತೋಟವನ್ನು ಒಂದು ಏಪ್ರಿಲ್‌ನಲ್ಲಿ ನೋಡಿ ಬಂದವಳು, ಅಲ್ಲಿ ಅರಳುವುದು ನಮ್ಮಲ್ಲೇಕೆ ಅರಳಬಾರದು ಎಂದುಕೊಂಡೆ. ಅಲ್ಲಿ ಬೀಳುವ ಹಿಮವನ್ನು ಮಾತ್ರ ಮರೆತೆ. ಟ್ಯೂಲಿಪ್ಪಿನ ಮೊಗ್ಗು ಬೇಸಿಗೆಯಲ್ಲೇ ಗೆಡ್ಡೆಯೊಳಗೆ ಮೂಡಿರುತ್ತದೆ, ಆದರೆ ದಂಟು ಸರಿಯಾಗಿ ನೀಳವಾಗಬೇಕಾದರೆ ಸುಮಾರು 12ರಿಂದ 16 ವಾರಗಳ ಕಾಲ 9 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಬೇಕಾಗುತ್ತದೆ. ಇಲ್ಲಿ ಜನವರಿಯ ರಾತ್ರಿಗಳು ಅಷ್ಟು ತಂಪಾದರೂ ಹಗಲು 15 ಡಿಗ್ರಿ ದಾಟುವುದರಿಂದ ಆ ಲೆಕ್ಕ ತುಂಬುವುದೇ ಇಲ್ಲ. ಕೊರತೆಯನ್ನು ತುಂಬಬೇಕಾದದ್ದು ಅಡುಗೆಮನೆಯ ಫ್ರಿಜ್ಜು.

ಈ ಫ್ರಿಜ್ಜಿನ ವಿಷಯವನ್ನು ಮಾರುವವರು ಒಂದೇ ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ: ಆರೆಂಟು ವಾರ ತಂಪಿನಲ್ಲಿಡಿ. ನಾನು ಐವತ್ತು ಗೆಡ್ಡೆಗಳನ್ನು ಕಾಗದದ ಚೀಲದಲ್ಲಿ ಕಟ್ಟಿ, ಅಕ್ಟೋಬರ್ ಕೊನೆಯಲ್ಲಿ ತರಕಾರಿಯ ಡ್ರಾಯರಿನೊಳಗಿಟ್ಟೆ. ದೀಪಾವಳಿಯ ಸಮಯ, ದೋಸೆ ಹಿಟ್ಟು, ಕಾಯಿತುರಿ, ಎರಡು ಕಟ್ಟು ಕೊತ್ತಂಬರಿ, ಇವುಗಳ ನಡುವೆ ಆ ಚೀಲ ದಿನಕ್ಕೊಮ್ಮೆ ಜಾಗ ಬದಲಿಸುತ್ತಿತ್ತು. ಮೈಸೂರಿನಿಂದ ಬಂದಿದ್ದ ಅತ್ತೆಯವರು ಒಂದು ಬೆಳಿಗ್ಗೆ ನಾಲ್ಕು ಗೆಡ್ಡೆಗಳನ್ನು ಸಿಪ್ಪೆ ಸುಲಿದು ಮಣೆಯ ಮೇಲಿಟ್ಟುಕೊಂಡು, “ನಿಮ್ಮೂರಿನ ಸಾಂಬಾರ್ ಈರುಳ್ಳಿಗೆ ಘಾಟೇ ಇಲ್ವಲ್ಲೇ” ಎಂದಾಗ ನನ್ನ ಎದೆ ಝಲ್ಲೆಂದಿತು. ಬಿತ್ತನೆಗೆಂದು ಮಾರುವ ಗೆಡ್ಡೆಗಳಿಗೆ ಶಿಲೀಂಧ್ರನಾಶಕ ಹಚ್ಚಿರುವ ಸಾಧ್ಯತೆ ಇರುತ್ತದೆ, ಗೆಡ್ಡೆಯೂ ತಿನ್ನತಕ್ಕದ್ದಲ್ಲ. ಅಂದಿನಿಂದ ಚೀಲದ ಮೇಲೆ ದೊಡ್ಡ ಅಕ್ಷರಗಳಲ್ಲಿ ‘ವಿಷ’ ಎಂದು ಬರೆದಿಟ್ಟೆ.

ಆದರೂ ಆ ವರ್ಷ ಅರಳಿದ್ದು ಒಂಬತ್ತು ಹೂ. ಉಳಿದವುಗಳಲ್ಲಿ ಎಲೆ ಬಂದು, ಒಳಗಿನ ಮೊಗ್ಗು ಸುರುಟಿ ಸತ್ತಿತ್ತು. ಕಾರಣ ಅದೇ ಡ್ರಾಯರಿನಲ್ಲಿದ್ದ ಸೇಬು. ಮಾಗುವ ಹಣ್ಣು ಬಿಡುವ ಎಥಿಲೀನ್ ಅನಿಲ ಗೆಡ್ಡೆಯೊಳಗಿನ ಮೊಗ್ಗನ್ನು ಕೊಲ್ಲುತ್ತದೆ. ಮರುವರ್ಷ ಎರಡು ತಿಂಗಳು ಸೇಬನ್ನು ಹೊರಗಿಟ್ಟು, ಮಕ್ಕಳ ಗೊಣಗಾಟ ಕೇಳಿ, ಡಿಸೆಂಬರ್ ಮಧ್ಯದಲ್ಲಿ ಗೆಡ್ಡೆಗಳನ್ನು ನೆಟ್ಟೆ. ಹೂವೇನೋ ಬಂತು, ಆದರೆ ತಂಪು ಸಾಲದ್ದರಿಂದ ದಂಟು ನಾಲ್ಕೇ ಬೆರಳು ಎತ್ತರ ಬೆಳೆದು, ಹೂಗಳು ಎಲೆಗಳ ಬುಡದಲ್ಲೇ ಕುಕ್ಕರಿಸಿ ಕುಳಿತವು. ಮೂರನೆಯ ವರ್ಷ ಎಲ್ಲವೂ ಸರಿಹೋಗಿ, ಮಾರ್ಚ್‌ನಲ್ಲಿ ಹತ್ತು ದಿನ ದಾರಿಹೋಕರು ನಿಂತು ನೋಡಿದರು. ಆಮೇಲೆ ಆ ಗೆಡ್ಡೆಗಳು ಕ್ಷೀಣಿಸಿದವು. ಮತ್ತೆ ಹೂ ಬೇಕಿದ್ದರೆ ಮತ್ತೆ 45 ಡಾಲರ್, ಮತ್ತೆ ಫ್ರಿಜ್ಜು.

ಪೇಪರ್‌ವೈಟ್ ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನೆಲದ್ದೇ ಆದ್ದರಿಂದ ಅದಕ್ಕೆ ಈ ಯಾವ ಉಪಚಾರವೂ ಬೇಡ. ಇಲ್ಲಿಯ ಹವೆಯೂ ಅದೇ ಮಾದರಿಯದು: ವರ್ಷದ ಸುಮಾರು 380 ಮಿಲಿಮೀಟರ್ ಮಳೆಯಲ್ಲಿ ಹೆಚ್ಚಿನದು ಚಳಿಗಾಲದಲ್ಲೇ ಬೀಳುತ್ತದೆ, ಬೇಸಿಗೆ ಒಣಗಿರುತ್ತದೆ. ಅಕ್ಟೋಬರ್‌ನಲ್ಲಿ ನೆಟ್ಟರೆ ಸಂಕ್ರಾಂತಿಯ ಹೊತ್ತಿಗೆ ಹೂ. ಗಂಧ ಮಾತ್ರ ತೀಕ್ಷ್ಣ. ಮನೆಯೊಳಗೆ ತಂದರೆ ನಮ್ಮ ಮನೆಯವರಿಗೆ ತಲೆನೋವು. ಹೆಗ್ಗಣದಂತೆ ನೆಲದೊಳಗೆ ಬಿಲ ಕೊರೆಯುವ ಗೋಫರ್ ಟ್ಯೂಲಿಪ್ಪನ್ನು ಹುಡುಕಿ ತಿನ್ನುತ್ತದೆ, ಲೈಕೋರಿನ್ ಎಂಬ ವಿಷವಿರುವ ನಾರ್ಸಿಸಸ್ಸನ್ನು ಮೂಸಿ ಬಿಟ್ಟುಬಿಡುತ್ತದೆ.

ಟ್ಯೂಲಿಪ್ಪೇ ಬೇಕೆಂದು ಹಟ ಹಿಡಿದವರಿಗೆ ಕ್ಲೂಸಿಯಾನಾ ಇದೆ. ಇರಾನ್, ಅಫ್ಘಾನಿಸ್ತಾನದಿಂದ ಪಶ್ಚಿಮ ಹಿಮಾಲಯದವರೆಗಿನ ಒಣ ಬೆಟ್ಟಗಳ ಈ ಗಿಡ ದಕ್ಷಿಣ ಯುರೋಪಿನಲ್ಲೂ ನೆಲೆಯೂರಿದೆ. ಹೂ ಚಿಕ್ಕದು, ಬಿಳಿಯ ದಳದ ಹೊರಬದಿಗೆ ಕೆಂಪು ಪಟ್ಟೆ. ಬಿಸಿಲಿಗೆ ಬಿಚ್ಚಿ ಸಂಜೆಗೆ ಮುಚ್ಚಿಕೊಳ್ಳುತ್ತದೆ. ನಮ್ಮ ಚಳಿಯೇ ಅದಕ್ಕೆ ಸಾಕು. ತಂತಿ ಜಾಲರಿಯ ಬುಟ್ಟಿಯಲ್ಲಿ ನೆಟ್ಟ ಇಪ್ಪತ್ತು ಗೆಡ್ಡೆಗಳು ಮೂರನೆಯ ವಸಂತದಲ್ಲಿ ಮೂವತ್ತೊಂದು ಹೂ ಕೊಟ್ಟವು. ಬೇಸಿಗೆಯಲ್ಲಿ ನೀರು ತಾಗಿದರೆ ಮಾತ್ರ ಕೊಳೆಯುತ್ತದೆ. ಪಕ್ಕದ ಕರಿಬೇವಿನ ಕುಂಡದ ಹನಿನೀರು ಸೋರಿದ ಮೂಲೆಯಲ್ಲಿ ಒಂದೂ ಉಳಿಯಲಿಲ್ಲ.

ಪ್ರತಿ ಜುಲೈಯಲ್ಲಿ ನಾವು ಆರು ವಾರ ಊರಿಗೆ ಹೋಗುವವರು, ಪಾತಿಗೆ ನೀರು ಹಾಕುವವರು ಯಾರೂ ಇರುವುದಿಲ್ಲ. ಆ ಒಣಗಾಲವೇ ಬೇಕೆನ್ನುವ ಗೆಡ್ಡೆಗಳು ನನಗೆ ಸರಿ. ಪ್ರತಿ ವರ್ಷ ಹೊಸ ಗೆಡ್ಡೆ ಕೊಳ್ಳಬಲ್ಲವರಿಗೆ, ಬೇರೆಯೇ ಒಂದು ಫ್ರಿಜ್ಜು ಇರುವವರಿಗೆ, ಡಾರ್ವಿನ್ ಟ್ಯೂಲಿಪ್ ಬೇಡವೆಂದು ನಾನು ಹೇಳಲಾರೆ. ನಮ್ಮ ಪಾತಿಯಲ್ಲಿ ಈ ಅಕ್ಟೋಬರ್‌ಗೆ ಒತ್ತಾಗಿ ಬೆಳೆದ ಪೇಪರ್‌ವೈಟ್ ಗುಂಪುಗಳನ್ನು ಅಗೆದು, ಬಿಡಿಸಿ, ಕರಿಬೇವಿನ ಕುಂಡ ಎತ್ತಿಟ್ಟ ಜಾಗಕ್ಕೆ ನೆಡಬೇಕಾಗಿದೆ.